646 ಮೀಟರ್ ಕಂಬ ಬಿದ್ದದ್ದೇಕೆ, ಮತ್ತೆ ಏಳಲಿಲ್ಲವೇಕೆ

ಬುರ್ಜ್ ಖಲೀಫಾಕ್ಕಿಂತ ಮೊದಲು ಮನುಷ್ಯ ಕಟ್ಟಿದ್ದರಲ್ಲೆಲ್ಲ ಎತ್ತರದ್ದು ಯಾವುದು ಅಂತ ಕೇಳಿದರೆ ಹೆಚ್ಚಿನವರು ಯಾವುದಾದರೂ ಅಂಬರ ಮುಟ್ಟುವ ಕಟ್ಟಡದ ಹೆಸರು ಹೇಳುತ್ತಾರೆ. ಉತ್ತರ ಅದಲ್ಲ. ಪೋಲೆಂಡಿನ ಕೊನ್‌ಸ್ಟಾಂಟಿನೂಫ್ ಎಂಬ ಹಳ್ಳಿಯ ಹತ್ತಿರ ನಿಂತಿದ್ದ ರೇಡಿಯೊ ಕಂಬ ಅದು. ಎತ್ತರ 646.38 ಮೀಟರ್. 1991ರ ಆಗಸ್ಟ್ 8ರಂದು ಅದು ಬಿತ್ತು. ಬಿದ್ದದ್ದು ಗಾಳಿಗೋ, ತಪ್ಪು ಕೆಲಸಕ್ಕೋ? ಮತ್ತೆ ಕಟ್ಟಲಿಲ್ಲ, ಅದು ದುಡ್ಡಿಲ್ಲದೆಯೋ, ಜನ ಬೇಡ ಅಂದದ್ದಕ್ಕೋ? ಎಲ್ಲವೂ ಒಂದರೊಳಗೊಂದು ಕಲಸಿಹೋಗಿದೆ.

ಹಿಂದಿನ ಕತೆ ಚಿಕ್ಕದು. 1931ರಲ್ಲಿ ವಾರ್ಸಾ ಪಕ್ಕದ ರಾಶಿನ್‌ನಲ್ಲಿ ದೊಡ್ಡ ಪ್ರಸಾರ ಕೇಂದ್ರ ಬಂತು, ಯುದ್ಧದಲ್ಲಿ ಹಾಳಾಯಿತು, 1949ರಲ್ಲಿ ಅಲ್ಲೇ 335 ಮೀಟರ್ ಕಂಬ ಎದ್ದಿತು, ಇಪ್ಪತ್ತು ವರ್ಷದಲ್ಲಿ ಅದೂ ಸಾಲದಾಯಿತು. ಹೊಸದನ್ನು ಯಾನ್ ಪೊಲಾಕ್ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದರು. 1974ರ ಜುಲೈನಲ್ಲಿ ಪ್ರಸಾರ ಶುರುವಾಯಿತು.

ಇಷ್ಟು ಎತ್ತರ ಯಾಕೆ ಬೇಕಿತ್ತು? ಅದು ಲಾಂಗ್ ವೇವ್ ಕೇಂದ್ರ. ಭಾರತದಲ್ಲಿ ಲಾಂಗ್ ವೇವ್ ರೇಡಿಯೊ ಪ್ರಸಾರ ಇಲ್ಲ, ನಮ್ಮ ಹಳೇ ಸೆಟ್ಟುಗಳಲ್ಲಿ ಇದ್ದದ್ದು ಮೀಡಿಯಂ ವೇವ್, ಶಾರ್ಟ್ ವೇವ್ ಅಷ್ಟೇ. ಲಾಂಗ್ ವೇವ್ ಅಲೆಗಳು ನೆಲವನ್ನು ಹಿಡಿದುಕೊಂಡೇ ದೂರ ಹೋಗುತ್ತವೆ. ಒಂದೇ ಕೇಂದ್ರದಿಂದ ಇಡೀ ದೇಶಕ್ಕೆ ಕೇಳಿಸಬಹುದು. ಈ ಕೇಂದ್ರದ ಪ್ರಸಾರ 227 ಕಿಲೊಹರ್ಟ್ಸ್‌ನಲ್ಲಿತ್ತು. ಆ ಅಲೆಯ ಉದ್ದ ಸುಮಾರು 1,320 ಮೀಟರ್. ಕಂಬ ಅದರ ಅರ್ಧದಷ್ಟಿದ್ದರೆ ಶಕ್ತಿ ಆಕಾಶಕ್ಕೆ ಪೋಲಾಗದೆ ನೆಲದ ಉದ್ದಕ್ಕೂ ಹರಿಯುತ್ತದೆ. ಎತ್ತರದ ಲೆಕ್ಕ ಹುಟ್ಟಿದ್ದು ಇಲ್ಲಿಂದ. ದೇಶದ ಪ್ರತಿಷ್ಠೆಗೂ ಅದು ಒದಗಿ ಬಂತು ಅನ್ನೋದು ಬೇರೆ ಮಾತು.

ಟಿವಿ ಟವರಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಟಿವಿ ಟವರಿನ ತುದಿಯಲ್ಲಿ ಆಂಟೆನಾ ಇರುತ್ತದೆ. ಇಲ್ಲಿ ಕಂಬವೇ ಆಂಟೆನಾ. 2,000 ಕಿಲೊವ್ಯಾಟ್ ಶಕ್ತಿ ಇಡೀ ಉಕ್ಕಿನಲ್ಲಿ ಹರಿಯುತ್ತಿತ್ತು. ಹಾಗಾಗಿ ಕಂಬದ ಬುಡವನ್ನು ನೆಲಕ್ಕೆ ತಾಗಿಸುವಂತಿಲ್ಲ, ಅಡಿಯಲ್ಲಿ ಇನ್ಸುಲೇಟರ್ (ಕರೆಂಟ್ ಹರಿಯಲು ಬಿಡದ ತುಂಡು) ಇಟ್ಟು ಅದರ ಮೇಲೆ ನಿಲ್ಲಿಸಿದ್ದರು. ನೆಲದ ಮೇಲೆ ನಿಂತು ಮುಟ್ಟಿದರೆ ಸುಟ್ಟುಹೋಗಬೇಕು.

ಅಂದಮೇಲೆ ರಿಪೇರಿ ಮಾಡುವುದು ಹೇಗೆ? ಇಂಥ ಕಂಬಗಳ ನಿಜವಾದ ಕಷ್ಟ ಇರುವುದು ಇಲ್ಲಿ. ಬಣ್ಣ ಹೊಡೆಯಬೇಕು, ವಿಮಾನಗಳಿಗೆ ಕಾಣುವ ಕೆಂಪು ದೀಪ ಬದಲಾಯಿಸಬೇಕು, ಬೋಲ್ಟು ನೋಡಬೇಕು. ಕಂಬ ಹತ್ತಬೇಕಾದರೆ ಪ್ರಸಾರ ನಿಲ್ಲಬೇಕು. ಪ್ರಸಾರ ನಿಂತರೆ ಕೇಳುಗರು ಬೈತಾರೆ. ಮೇಲೆ ಹೋಗಲು ಲಿಫ್ಟಿನಲ್ಲೇ ಸುಮಾರು ಅರ್ಧ ಗಂಟೆ. ಹೀಗಾಗಿ ನಾಳೆ ಮಾಡೋಣ ಅನ್ನುವುದಕ್ಕೆ ಯಾವಾಗಲೂ ಒಂದು ನೆವ ಸಿಗುತ್ತದೆ.

ಎಲ್ಲಕ್ಕಿಂತ ನಾಜೂಕಿನದು ಹಗ್ಗಗಳ ಕೆಲಸ. ಈ ಕಂಬ ತನ್ನ ಬಲದಿಂದ ನಿಂತದ್ದಲ್ಲ. ನಮ್ಮ ಕರೆಂಟ್ ಕಂಬಕ್ಕೆ ಸ್ಟೇ ವೈರ್ ಕಟ್ಟುವ ಹಾಗೆ ಐದು ಎತ್ತರಗಳಲ್ಲಿ, ಮೂರು ದಿಕ್ಕಿಗೆ, ಒಟ್ಟು 15 ಉಕ್ಕಿನ ಹಗ್ಗಗಳು ಅದನ್ನು ಹಿಡಿದಿದ್ದವು. ರೇಡಿಯೊ ಶಕ್ತಿ ಹಗ್ಗಕ್ಕೆ ಸೇರಬಾರದು ಅಂತ ನಡುನಡುವೆ ಇನ್ಸುಲೇಟರುಗಳೂ ಇದ್ದವು. ಗಾಳಿಗೆ ಇಂಥ ಹಗ್ಗ ಸದಾ ನಡುಗುತ್ತಿರುತ್ತದೆ. ಕಣ್ಣಿಗೆ ಕಾಣದ ಹಾಗೆ ಎಳೆಗಳು ಸವೆಯುತ್ತವೆ, ತುಕ್ಕು ಒಳಗೆ ಇಳಿಯುತ್ತದೆ. ಒಂದನ್ನು ಬದಲಾಯಿಸಬೇಕಾದರೆ ಮೊದಲು ತಾತ್ಕಾಲಿಕ ಹಗ್ಗ ಕಟ್ಟಿ, ಭಾರವನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ದಾಟಿಸಿ, ಆಮೇಲೆ ಹಳೆಯದನ್ನು ಬಿಚ್ಚಬೇಕು. ಒಂದು ಕಡೆ ಸಡಿಲವಾದರೆ ಉಳಿದೆರಡು ದಿಕ್ಕಿನ ಹಗ್ಗಗಳೇ ಕಂಬವನ್ನು ಎಳೆದು ಬೀಳಿಸುತ್ತವೆ.

ಅಂದು ನಡೆದದ್ದು ಇಂಥದೇ. ಮೇಲಿನ ಹಂತದ ಹಗ್ಗ ಬದಲಾಯಿಸುವಾಗ ಕೆಲಸ ತಪ್ಪಿತು. ಕಂಬ ಬಾಗಿ, ಸುಮಾರು ಅರ್ಧದಲ್ಲಿ ಮುರಿದು ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆಮೇಲೆ ತನಿಖೆಯಾಯಿತು, ಕೋರ್ಟೂ ಆಯಿತು. ಅಂದು ಕೆಲಸ ಮಾಡಿಸುತ್ತಿದ್ದವರ ಕಡೆಗೆ ಬೆರಳು ಹೋದದ್ದು ಸಹಜ. ಆದರೆ ಕಟ್ಟಿ 17 ವರ್ಷವಷ್ಟೇ ಆಗಿದ್ದ ಕಂಬಕ್ಕೆ ಹೊಸ ಹಗ್ಗ ಬೇಕಾಯಿತು ಅಂದರೆ, ಪ್ರಶ್ನೆ ಆ ಒಂದು ದಿನದ್ದು ಮಾತ್ರ ಅಲ್ಲ, ಅಲ್ವಾ? ಕಟ್ಟುವಾಗ ಎತ್ತರದ ಬಗ್ಗೆ ಇದ್ದ ಉಮೇದು ಹಗ್ಗದ ಆಯುಷ್ಯದ ಬಗ್ಗೆಯೂ ಇರಬೇಕಿತ್ತು. ಅದೂ ಅಲ್ಲದೆ 80ರ ದಶಕದ ಪೋಲೆಂಡ್ ಅಂದರೆ ಸೈನಿಕ ಆಡಳಿತ, ಅಂಗಡಿ ಮುಂದೆ ಸಾಲು. 1989ರಲ್ಲಿ ಸರ್ಕಾರದ ಸ್ವರೂಪವೇ ಬದಲಾಯಿತು. ಅಂಥ ಹೊತ್ತಿನಲ್ಲಿ ಕಂಬದ ಹಗ್ಗ ಯಾರ ನೆನಪಿನಲ್ಲಿರುತ್ತದೆ?

ಬಿದ್ದ ಮೇಲೆ ರಾಶಿನ್‌ನ ಹಳೇ ಕಂಬವೇ ಕೈಹಿಡಿಯಿತು, ಕಡಿಮೆ ಶಕ್ತಿಯಲ್ಲಿ. ಅದೇ ಜಾಗದಲ್ಲಿ ಮತ್ತೆ ಕಟ್ಟೋಣ ಅಂತ ಸರ್ಕಾರ ಹೊರಟಾಗ ಸುತ್ತಲಿನ ಹಳ್ಳಿಯವರು ಬೇಡವೇ ಬೇಡ ಅಂದರು. ರೇಡಿಯೊ ಅಲೆಯಿಂದ ಆರೋಗ್ಯ ಕೆಡುತ್ತದೆ ಎನ್ನುವುದು ಅವರ ದೂರು. ಆ ಭಯವನ್ನು ಅಜ್ಞಾನ ಅಂತ ತಳ್ಳಿಹಾಕಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ದೊಡ್ಡ ಕಂಬ ಬಿದ್ದದ್ದನ್ನು ಪಕ್ಕದಲ್ಲೇ ಕಂಡವರು ಅಧಿಕಾರಿಗಳ ಭರವಸೆಯನ್ನು ಸುಮ್ನೆ ನಂಬಬೇಕಿತ್ತೇ?

ಕೊನೆಗೆ ಸೊಲೆಟ್ಸ್ ಕುಯಾಫ್ಸ್ಕಿ ಎಂಬ ಊರಿನ ಹತ್ತಿರ, ಹಿಂದೆ ಸೈನ್ಯದ ಕೈಯಲ್ಲಿದ್ದ ಜಾಗದಲ್ಲಿ ಹೊಸ ಕೇಂದ್ರ ಬಂತು. 1999ರಲ್ಲಿ ಅಲ್ಲಿಂದ 225 ಕಿಲೊಹರ್ಟ್ಸ್ ಪ್ರಸಾರ ಶುರುವಾಯಿತು. ಒಂದು ದೈತ್ಯ ಕಂಬದ ಬದಲು 330 ಮತ್ತು 289 ಮೀಟರಿನ ಎರಡು, ಶಕ್ತಿಯೂ ಅರ್ಧ. ಈ ನಡುವೆ ಜರ್ಮನಿ, ಫ್ರಾನ್ಸ್, ಐರ್ಲೆಂಡ್‌ಗಳ ಸರ್ಕಾರಿ ರೇಡಿಯೊಗಳು ಖರ್ಚು ಜಾಸ್ತಿ, ಕೇಳುವವರು ಕಡಿಮೆ ಅಂತ ಲಾಂಗ್ ವೇವ್ ಮುಚ್ಚಿದವು. ಸೊಲೆಟ್ಸ್‌ನ ಎರಡು ಕಂಬಗಳಿಗೂ ಬಣ್ಣ ಬೇಕು, ಹಗ್ಗಗಳ ತಪಾಸಣೆ ಆಗಬೇಕು. ಆ ಖರ್ಚು ಕೇಳುಗರ ಸಂಖ್ಯೆ ನೋಡಿಕೊಂಡು ಇಳಿಯುವುದಿಲ್ಲ.