ನಿಮಗೆ ಅತಿ ಇಷ್ಟವಾದ ಗೇಮ್ ಯಾವುದು? ಒಂದೇ ಹೆಸರು ಹೇಳಿ

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಈ ಸಲ ಕೇಳಿದವರು ಆಳಂದದ ಓದುಗರೊಬ್ಬರು. "ಸಣ್ಣವರಿದ್ದಾಗಿನಿಂದ ಆಡುತ್ತಿದ್ದೀರಿ. ಹತ್ತು ಹೆಸರಿನ ಪಟ್ಟಿ ಬೇಡ. ಒಂದೇ ಹೆಸರು ಹೇಳಿ, ಅದೇ ಯಾಕೆ ಅಂತಲೂ ಹೇಳಿ" ಎಂದಿದ್ದಾರೆ.

ಪ್ರಿನ್ಸ್ ಆಫ್ ಪರ್ಷಿಯಾ. 1989ರಲ್ಲಿ ಬಂದ ಮೊದಲನೆಯದು. ಹೆಸರು ಹೇಳೋದು ಸುಲಭ. ಯಾಕೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನಮ್ಮ ಮನೆಗೆ ಮೊದಲು ಬಂದದ್ದು ಟಿವಿ ಗೇಮ್. ಆಗಿನ್ನೂ ಊರಿನ ಹೆಸರು ಗುಲ್ಬರ್ಗ. ಸೂಪರ್ ಮಾರ್ಕೆಟ್ ಅನ್ನೋ ಪೇಟೆಯ ಅಂಗಡಿಯೊಂದರಲ್ಲಿ ಅಪ್ಪ ಅರ್ಧ ಗಂಟೆ ಚೌಕಾಸಿ ಮಾಡಿ ತಂದಿದ್ದರು. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು ಅದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಕ್ಯಾಸೆಟ್ ತೆಗೆದು, ಉಫ್ ಅಂತ ಊದಿ, ಮತ್ತೆ ಒತ್ತಿ ಕೂರಿಸಿದರೆ ಮಾರಿಯೊ ಬರುತ್ತಿದ್ದ. 1985ರ ಆ ಆಟ ಪೂರ್ತಿ ಸೇರಿ 40 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಜಾಗ ಉಳಿಸೋಕೆ ಮೋಡದ ಚಿತ್ರಕ್ಕೇ ಹಸಿರು ಹಚ್ಚಿ ಪೊದೆ ಮಾಡಿದ್ದಾರೆ. ಸರಿಯಾಗಿ ನೋಡಿ, ಎರಡೂ ಒಂದೇ ಆಕಾರ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಾಂಟ್ರಾ ಅನ್ನೋ ಗುಂಡು ಹಾರಿಸುವ ಆಟ ಅಣ್ಣನ ಜೊತೆ ಆಡಿದ್ದು. ಇಬ್ಬರೂ ಒಟ್ಟಿಗೆ ಆಡಬಹುದಿತ್ತು, ಅದಕ್ಕೇ ಇಷ್ಟ.

ಪ್ರಿನ್ಸ್ ಸಿಕ್ಕಿದ್ದು ಸ್ಟೇಷನ್ ರೋಡ್ ಕಡೆ ಇದ್ದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಹೊರಗೆ 42 ಡಿಗ್ರಿ ಬಿಸಿಲು, ಆ ಕೋಣೆ ಮಾತ್ರ ತಣ್ಣಗೆ. ಪಾಠ ಮುಗಿದ ಮೇಲೆ ಸರ್ ಹತ್ತು ನಿಮಿಷ ಆಡೋಕೆ ಬಿಡುತ್ತಿದ್ದರು. ಕಪ್ಪು ಪರದೆಯ ಮೇಲೆ ಆಟದ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆ. ಬಿಳಿ ಬಟ್ಟೆಯ ಹುಡುಗನೊಬ್ಬ ಮೇಲಿಂದ ಬಿದ್ದು, ಎದ್ದು ನಿಂತ. ಓಡಿಸಿದೆ. ಅಂಚಿಗೆ ಬಂದಾಗ ನಿಲ್ಲಲಿ ಅಂತ ಕೀ ಬಿಟ್ಟೆ. ಅವನು ಥಟ್ಟನೆ ನಿಲ್ಲಲಿಲ್ಲ. ಓಡುತ್ತಿದ್ದ ಮನುಷ್ಯ ಹೇಗೆ ತಡವರಿಸಿ ನಿಲ್ಲುತ್ತಾನೋ ಹಾಗೆ ಮುಂದಕ್ಕೆ ಜಾರಿ, ಕೆಳಗಿನ ಮುಳ್ಳುಗಳ ಮೇಲೆ ಬಿದ್ದ.

ಅದುವರೆಗೆ ನನಗೆ ಗೊತ್ತಿದ್ದವನು ಮಾರಿಯೊ. ಅವನು ಗಾಳಿಯಲ್ಲಿದ್ದಾಗಲೂ ಆಚೀಚೆ ತಿರುಗುತ್ತಾನೆ. ಈ ರಾಜಕುಮಾರ ಹಾಗಲ್ಲ. ಕಾಲು ನೆಲ ಬಿಟ್ಟಿತು ಅಂದರೆ ಮುಗೀತು, ಹಾರಿದ್ದು ಹಾರಿದ್ದೇ. ಅವನಿಗೆ ಮೈ ಭಾರ ಇದೆ. ಎಲ್ಲಿಂದ ಓಡಬೇಕು, ಎಷ್ಟು ಹೆಜ್ಜೆ, ಎಲ್ಲಿ ಹಾರಬೇಕು ಅನ್ನೋದನ್ನು ಮೊದಲೇ ಯೋಚಿಸಬೇಕು. ಬಿದ್ದರೆ ತಪ್ಪು ನಂದೇ. ಆಟ ನನಗೆ ಮೋಸ ಮಾಡಿತು ಅಂತ ಒಂದು ದಿನವೂ ಅನ್ನಿಸಿಲ್ಲ. ಗೇಮ್ ಒಳ್ಳೆಯದೋ ಅಲ್ಲವೋ ಅಂತ ನಾನು ಇವತ್ತಿಗೂ ಅಳೆಯೋದು ಇದೊಂದರಿಂದಲೇ.

ಆ ಮೈ ಭಾರ ಎಲ್ಲಿಂದ ಬಂತು ಅಂದರೆ ನಿಜವಾದ ಮನುಷ್ಯನಿಂದ. ಅಮೆರಿಕದ ಜೋರ್ಡನ್ ಮೆಕ್ನರ್ ಈ ಆಟವನ್ನು ಆಪಲ್ 2 ಕಂಪ್ಯೂಟರಿಗಾಗಿ ನಾಲ್ಕು ವರ್ಷ ಕೂತು ಮಾಡಿದರು. ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ಹಾಕಿಸಿ, ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಆ ಭಂಗಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದರು. ಸಂಗೀತ ಅವರ ಅಪ್ಪ ಫ್ರಾನ್ಸಿಸ್ ಅವರದು. ಒಂದು ಮನೆಯವರೇ ಸೇರಿ ಮಾಡಿದ ಆಟ ಇದು. ಆಡುವಾಗ ಅದು ನನಗೆ ಗೊತ್ತಿರಲಿಲ್ಲ, ಆದರೆ ಕೈಗೆ ತಿಳಿಯುತ್ತಿತ್ತು.

ಈಗ ಮೋಡ-ಪೊದೆಯ ಮಾತಿಗೆ ಬರುತ್ತೇನೆ. ರಾಜಕುಮಾರನ ಚಿತ್ರಗಳೇ ಮೆಮೊರಿಯನ್ನೆಲ್ಲ ನುಂಗಿಬಿಟ್ಟಿದ್ದವು. ಎದುರಾಳಿ ಬೇಕು, ಆದರೆ ಅವನ ಚಿತ್ರ ಇಡೋಕೆ ಜಾಗವಿಲ್ಲ. ಆಗ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದು ಚುಕ್ಕೆಯಷ್ಟು ಸರಿಸಿ ಅದರ ಮೇಲೇ ಹಾಕಿದರು. ಎರಡರಲ್ಲೂ ಇದ್ದದ್ದು ಅಳಿಸಿಹೋಗಿ ಅಂಚು ಮಾತ್ರ ಉಳಿಯಿತು. ಹೊಳೆಯುವ ನೆರಳಿನಂಥ ಒಬ್ಬ ಮನುಷ್ಯ! ಒಂದು ಹೊಸ ಚಿತ್ರವೂ ಬೇಕಾಗಲಿಲ್ಲ. ನಾಲ್ಕನೇ ಹಂತದಲ್ಲಿ ದಾರಿಗೆ ಅಡ್ಡವಾಗಿ ಒಂದು ಕನ್ನಡಿ ಬರುತ್ತದೆ. ಓಡಿ ಬಂದು ಅದರೊಳಗೇ ಹಾರಬೇಕು. ನೀವು ಆಚೆ ಬೀಳುತ್ತೀರಿ, ಆ ನೆರಳಿನ ಮನುಷ್ಯ ಈಚೆ ಓಡಿ ಹೋಗುತ್ತಾನೆ. ಮುಂದಿನ ಹಂತದಲ್ಲಿ ನಿಮ್ಮ ಔಷಧಿ ಕುಡಿಯುತ್ತಾನೆ. ಅದರ ಮುಂದಿನದರಲ್ಲಿ ನೀವು ಹಾರುವ ಹೊತ್ತಿಗೆ ಬಾಗಿಲು ಮುಚ್ಚಿ ಬೀಳಿಸುತ್ತಾನೆ. ಜಾಗ ಸಾಲದೆ ಹುಟ್ಟಿದವನೇ ಆಟದ ಜೀವ ಆಗಿಬಿಟ್ಟ.

ಇನ್ನೊಂದು ಕಾರಣ ನಮ್ಮೂರಿನದು. ಆ ಬೇಸಿಗೆಯಲ್ಲೇ ಒಂದು ಸಂಜೆ ಕಾಕಾನ ಜೊತೆ ಕೋಟೆಗೆ ಹೋಗಿದ್ದೆ. ಒಳಗಿನ ಜಾಮಿಯಾ ಮಸೀದಿ 1367ರದು, ಬಹಮನಿ ಕಾಲದ್ದು. ಬೇರೆ ಕಡೆಯ ಮಸೀದಿಗಳಲ್ಲಿ ಬಯಲು ಅಂಗಳ ಇರುತ್ತದೆ, ಇದರಲ್ಲಿ ಪೂರ್ತಿ ಚಾವಣಿ. ಒಳಗೆ ಕಾಲಿಟ್ಟರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಪರದೆಯ ಮೇಲೆ ನೋಡಿದ್ದ ಅರಮನೆಯೊಳಗೆ ನಡೆದ ಹಾಗಾಯಿತು. ಒಂದು ಕಂಬದಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸುತ್ತಾ ಹೋದೆ. ಕಾಕಾ ಏನೂ ಕೇಳಲಿಲ್ಲ, ಹಿಂದೆ ನಿಧಾನ ನಡೆದು ಬಂದರು. ಆಟ ಮಾಡಿದವರು ಈ ಊರನ್ನು ನೋಡಿದವರಲ್ಲ. ಆದರೂ ಪರ್ಷಿಯಾದ ಕಮಾನು ನಮ್ಮ ಹುಡುಗರಿಗೆ ಹೊಸದಲ್ಲ. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಅಲ್ಲಿನ ಗಿಲಾನ್‌ನಿಂದಲೇ ಬಂದವರು, ಅಲ್ವಾ?

ಇಡೀ ಆಟಕ್ಕೆ ಕೊಟ್ಟಿರೋದು 60 ನಿಮಿಷ. ನಮಗೆ ಅದಕ್ಕಿಂತ ದೊಡ್ಡ ಶತ್ರು ಕರೆಂಟು. ಕಂಟ್ರೋಲ್ ಜೊತೆ ಜಿ ಒತ್ತಿದರೆ ಸೇವ್ ಆಗುತ್ತಿತ್ತು, ಅದೂ ಮೂರನೇ ಹಂತ ಮುಟ್ಟಿದ ಮೇಲೆ. ಕರೆಂಟ್ ಹೋಗಿ ಪರದೆ ಚುಕ್ಕೆಯಾಗಿ ಆರಿದಾಗ ಹೊಟ್ಟೆಯಲ್ಲಿ ಆಗುತ್ತಿದ್ದ ಸಂಕಟ ಈಗಲೂ ನೆನಪಿದೆ. ಮುಗಿಸೋಕೆ ಎರಡು ಬೇಸಿಗೆ ಹಿಡಿಯಿತು.

ಆಮೇಲೆ ಬಂದವೂ ಕಮ್ಮಿಯಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದ್ದೇನೆ. 2003ರ ಸ್ಯಾಂಡ್ಸ್ ಆಫ್ ಟೈಮ್ ಇದೇ ರಾಜಕುಮಾರನ ಹೊಸ ರೂಪ. ಬಿದ್ದರೆ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದು. ಚೆಂದದ ಯೋಚನೆ, ತುಂಬಾ ಆಡಿದೆ. ಆದರೆ ಬೀಳುವ ಭಯ ಹೋದ ಮೇಲೆ ಹಾರುವ ಖುಷಿಯೂ ಸ್ವಲ್ಪ ಹೋಯಿತು ಅನ್ನೋದು ನನ್ನ ಅಭಿಪ್ರಾಯ.

ಎರಡನೇ ಸ್ಥಾನ ಯಾವುದಕ್ಕೆ ಅಂತ ಕೇಳಿದರೆ ಸ್ಟಾರ್‌ಡ್ಯೂ ವ್ಯಾಲಿಗೆ. 2016ರದು. ಎರಿಕ್ ಬರೋನ್ ಅನ್ನೋ ಒಬ್ಬರೇ ಚಿತ್ರ, ಸಂಗೀತ, ಕೋಡ್ ಎಲ್ಲ ಮಾಡಿದ್ದು. ಹೊಲ ಮಾಡುವ ಆಟ. ಒಂದು ರಾತ್ರಿ ಆಡುತ್ತಿದ್ದಾಗ ಅಪ್ಪ ಪಕ್ಕಕ್ಕೆ ಬಂದು ಕೂತರು. ಅವರು ಊರಲ್ಲಿ ತೊಗರಿ ಬೆಳೆದವರು. ಮೃಗಶಿರಾ, ಆರಿದ್ರಾ ಮಳೆಗೆ ಬಿತ್ತಿದರೆ ರಾಶಿ ಆಗೋದು ಡಿಸೆಂಬರ್, ಜನವರಿಗೆ. ಆಟದಲ್ಲಿ ಒಂದು ಬೆಳೆ ನಾಲ್ಕೇ ದಿನಕ್ಕೆ ಬಂತು. ಅದಕ್ಕೆ ಅವರು ಏನೂ ಅನ್ನಲಿಲ್ಲ. ಆಟದೊಳಗಿನ ಟಿವಿ ನಾಳೆ ಮಳೆ ಅಂದಿತು, ಮರುದಿನ ಮಳೆ ಬಂತು.

"ಹೇಳಿದಂಗ ಖರೇನೇ ಬಂತಲ್ಲೋ!"

"ದಿನಾ ಹಂಗೇ ಬರ್ತದ ಅಪ್ಪಾ."

"ನೆಟೆ ರೋಗ ಇಲ್ಲೇನು ಇದ್ರಾಗ?"

ಇಲ್ಲ ಅಂದೆ. ಬೆದರುಗೊಂಬೆ ಇಡದಿದ್ದರೆ ಕಾಗೆ ತಿನ್ನುತ್ತವೆ, ಅಷ್ಟೇ. ದರವೂ ಬೀಳೋದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ "ಆ ಮೂಲ್ಯಾಗ ಒಣಗ್ಯದ ನೋಡು, ನೀರು ಬಿಡು" ಅಂದರು. ಅವತ್ತಿನಿಂದ ನಾನು ಆ ಆಟ ಆಡುವಾಗೆಲ್ಲ ಅವರಿಗೂ ಒಂದು ಕುರ್ಚಿ ಎಳೆದಿಡುತ್ತೇನೆ.

ಆದರೂ ಮೊದಲ ಸ್ಥಾನ ಬದಲಾಗಿಲ್ಲ. 2012ರಲ್ಲಿ ಮೆಕ್ನರ್ ಅವರ ಅಪ್ಪನ ಮನೆಯಲ್ಲಿ ಹಳೆಯ ಫ್ಲಾಪಿಗಳ ಡಬ್ಬಿ ಸಿಕ್ಕಿತು. ಆಟದ ಮೂಲ ಕೋಡ್ ಅದರಲ್ಲಿತ್ತು. ಅದನ್ನು ಅವರು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ನೋಡೋಕೆ ಇಟ್ಟರು. ನಾನೂ ಇಳಿಸಿಕೊಂಡಿದ್ದೇನೆ.

ಆಡಬೇಕು ಅಂತಿರೋರು ಇಲ್ಲಿಗೇ ನಿಲ್ಲಿಸಿ, ಮುಂದೆ ಓದಬೇಡಿ.

ಹೋದ ದಸರಾ ರಜೆಯಲ್ಲಿ ಅಕ್ಕನ ಮಗನಿಗೆ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟೆ. ಹನ್ನೆರಡನೇ ಹಂತದಲ್ಲಿ ಆ ನೆರಳು ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಹುಡುಗ ಹೊಡೆದ. ಹೊಡೆತ ಅವನಿಗೇ ಬಿತ್ತು. ಮತ್ತೆ ಹೊಡೆದ, ಮತ್ತೆ ಅವನಿಗೇ. ಸತ್ತ. "ಮಾಮಾ, ಇವಂಗ ಹೊಡದ್ರ ನಂಗ್ಯಾಕ ಬೀಳ್ತದ?" ಅಂದ. ಉತ್ತರ ಬಾಯಿ ತುದಿಗೆ ಬಂದಿತ್ತು, ಹೇಳಲಿಲ್ಲ. ಮೂರನೇ ಸಲ ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಕೆಳಗಿನ ಬಾಣದ ಕೀ ಒತ್ತಿದ. ಕತ್ತಿ ಒರೆಗೆ ಹೋಯಿತು. ನೆರಳೂ ಕತ್ತಿ ಇಳಿಸಿತು. ಇಬ್ಬರೂ ಎದುರುಬದುರು ಓಡಿ ಬಂದು ಒಂದಾದರು. ಎಡಕ್ಕೆ ಬರೀ ಪಾತಾಳ. ಹುಡುಗ ನನ್ನ ಮುಖ ನೋಡಿದ, ಆಮೇಲೆ ಓಡಿಸಿಯೇಬಿಟ್ಟ. ಏನೂ ಇಲ್ಲದ ಕಡೆ ಕಾಲ ಕೆಳಗೆ ಒಂದೊಂದೇ ಹಾಸುಗಲ್ಲು ಮೂಡುತ್ತಾ ಹೋಯಿತು.