ಪದ ಪರಿಚಯ: ಸಾಯಿಲ್ ಗ್ಯಾಸ್

ಮಣ್ಣಿನ ಕಣಗಳ ಸಂದಿಯಲ್ಲಿ ತುಂಬಿರುವ ಗಾಳಿಗೆ ಸಾಯಿಲ್ ಗ್ಯಾಸ್ ಎಂದು ಹೆಸರು. ಕಾರ್ಖಾನೆಯ ಹೊಗೆಯಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡನ್ನು ನೆಲದಾಳದಲ್ಲಿ ತುಂಬಿಟ್ಟಿರುವ ಕಡೆ, ಅದು ಮೇಲಕ್ಕೆ ಸೋರುತ್ತಿದೆಯೇ ಎಂದು ನೋಡಲು ಈ ಗಾಳಿಯನ್ನು ಹೀರಿ ಪರೀಕ್ಷಿಸುತ್ತಾರೆ.

ತುಂಬಿಡುವುದು ಎಂದ ಕೂಡಲೇ ಉಡುಪಿ ಜಿಲ್ಲೆಯವರಿಗೆ ಪಾದೂರಿನ ಕಚ್ಚಾತೈಲದ ಗುಹೆಗಳು ನೆನಪಾದಾವು. ಬಂಡೆ ಕೊರೆದು ಮಾಡಿದ ಆ ಗುಹೆಗಳಲ್ಲಿ 25 ಲಕ್ಷ ಟನ್ ತೈಲ ಹಿಡಿಸುತ್ತದೆ. ಇಂಗಾಲದ ಸಂಗ್ರಹದಲ್ಲಿ ಗುಹೆಯೇ ಇರುವುದಿಲ್ಲ. ಸಾಮಾನ್ಯವಾಗಿ 800 ಮೀಟರಿಗಿಂತ ಆಳದಲ್ಲಿ, ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಅನಿಲವನ್ನು ಒತ್ತಿ ಸೇರಿಸುತ್ತಾರೆ. ಮೇಲಿನ ಬಿಗಿಯಾದ ಜೇಡಿಗಲ್ಲಿನ ಪದರ ಅದನ್ನು ತಡೆದಿಡುತ್ತದೆ. ನಮ್ಮ ಮುರಕಲ್ಲಿನಲ್ಲೂ ತೂತುಗಳಿವೆ, ಆದರೆ ಮೇಲೆ ಮುಚ್ಚಳವಿಲ್ಲ. ಸೋರಿಕೆಯ ಭಯ ಹೆಚ್ಚಿರುವುದು ಆ ಜೇಡಿಗಲ್ಲಿನ ಪದರವನ್ನು ಕೊರೆದು ಇಳಿದ ಹಳೆಯ ತೈಲಬಾವಿಗಳ ಸಿಮೆಂಟು ಬಿರುಕು ಬಿಟ್ಟಲ್ಲಿ. ಹಾಗಾಗಿ ಮಾಪನದ ಕೊಳವೆಗಳನ್ನು ಅವುಗಳ ಸುತ್ತ ಒತ್ತೊತ್ತಾಗಿ ಹೂಳುತ್ತಾರೆ.

ಬೆರಳಿಗಿಂತ ಸಣ್ಣ ಉಕ್ಕಿನ ಕೊಳವೆ, ತುದಿಯಲ್ಲಿ ತೂತುಗಳು. ಅದನ್ನು ಸುಮಾರು ಒಂದು ಮೀಟರ್ ಆಳಕ್ಕೆ ಹೊಡೆದು, ಬಾಯಿಯ ಸುತ್ತ ಒದ್ದೆ ಜೇಡಿಮಣ್ಣು ಮೆತ್ತಬೇಕು. ಮೊದಲು ಹೀರಿದ ಗಾಳಿ ಕೊಳವೆಯದ್ದೇ ಆದ್ದರಿಂದ ಚೆಲ್ಲಿ, ಆಮೇಲಿನದನ್ನು ಅಳೆಯಬೇಕು. ಜೇಡಿ ಸರಿಯಾಗಿ ಕೂರದಿದ್ದರೆ ಹೊರಗಿನ ಗಾಳಿ ನುಗ್ಗಿ ನಿಜವಾದ ಸೋರಿಕೆಯನ್ನೂ ಮರೆಮಾಡುತ್ತದೆ.

ಜನ ಎಡವುವುದು ಅಂಕಿಯನ್ನು ಓದುವಾಗ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ. 0.04ರಷ್ಟು. ಸೊಪ್ಪು, ಹಟ್ಟಿಗೊಬ್ಬರ ಹಾಕಿದ ಅಡಿಕೆ ತೋಟದ ಮಣ್ಣಿನಲ್ಲಿ ಬೇರು ಮತ್ತು ಸೂಕ್ಷ್ಮಜೀವಿಗಳ ಉಸಿರಾಟದಿಂದಲೇ ಅದು ಹತ್ತಾರು ಪಟ್ಟು ಹೆಚ್ಚಿರಬಹುದು. ಆಟಿಯ ಮಳೆಗೆ ಮಣ್ಣಿನ ಸಂದಿಗಳು ಮುಚ್ಚಿಕೊಂಡರೆ ಇನ್ನೂ ಏರುತ್ತದೆ. ಬೇಸಿಗೆಯಲ್ಲಿ ಒಮ್ಮೆ ಅಳೆದು, ಮಳೆಗಾಲದ ಅಂಕಿಯನ್ನು ಅದಕ್ಕೆ ಹೋಲಿಸಿದರೆ ಇಲ್ಲದ ಸೋರಿಕೆ ಕಾಣುತ್ತದೆ.

ಆದ್ದರಿಂದ ಆಮ್ಲಜನಕ ಮತ್ತು ಸಾರಜನಕವನ್ನೂ ಜೊತೆಗೇ ಅಳೆಯಲೇಬೇಕು. ಇಂಗಾಲದ ಡೈಆಕ್ಸೈಡ್ ಶೇ. 10 ಸಿಕ್ಕಿತೆನ್ನಿ. ಅದು ಮಣ್ಣಿನ ಉಸಿರಾದರೆ ಅಷ್ಟೇ ಆಮ್ಲಜನಕ ಖರ್ಚಾಗಿ 21ರಿಂದ 11ಕ್ಕೆ ಇಳಿದಿರುತ್ತದೆ. ಸಾರಜನಕ 78ರ ಆಸುಪಾಸಿನಲ್ಲೇ ಉಳಿಯುತ್ತದೆ. ಕೆಳಗಿನಿಂದ ಬಂದ ಅನಿಲವಾದರೆ ಇದ್ದ ಗಾಳಿಯನ್ನೆಲ್ಲ ಸಮನಾಗಿ ತಳ್ಳುತ್ತದೆ: ಆಮ್ಲಜನಕ ಸುಮಾರು 19, ಸಾರಜನಕ 70. ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲಜನಕ ಕೂಡಿಸಿದಾಗ 21 ದಾಟಿದರೆ ಅನುಮಾನ ಪಡಬೇಕು. 21ಕ್ಕಿಂತ ಕಡಿಮೆ ಬಂದರೆ ಸ್ವಲ್ಪ ಅನಿಲ ಮಳೆನೀರಿನಲ್ಲಿ ಕರಗಿರಬಹುದು, ಇಲ್ಲವೇ ಮೀಥೇನ್ ಉತ್ಕರ್ಷಣಗೊಂಡು ಎರಡು ಪಾಲು ಆಮ್ಲಜನಕ ತಿಂದಿರಬಹುದು.

ಕೆನಡಾದ ವೇಬರ್ನ್ ಸಂಗ್ರಹದ ಮೇಲಿನ ಒಂದು ಜಮೀನಿನಲ್ಲಿ ಸೋರಿಕೆಯಾಗಿದೆ ಎಂದು 2011ರಲ್ಲಿ ದೂರು ಬಂದಾಗ ಈ ಅನುಪಾತವನ್ನೂ, ಕಾಲ ಕಳೆದಂತೆ ತಾನಾಗಿ ಕ್ಷಯಿಸುವ ಇಂಗಾಲದ ರೂಪವಾದ ಕಾರ್ಬನ್-14 ಅನ್ನೂ ನೋಡಿದರು. ಅನಿಲ ಮಣ್ಣಿನದೇ ಎಂದು ಗೊತ್ತಾಯಿತು. ಕಲ್ಲಿದ್ದಲು, ಕಚ್ಚಾತೈಲದಿಂದ ಹುಟ್ಟಿದ ಅನಿಲದಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ, ಇಂದಿನ ಗಿಡಮರದ್ದರಲ್ಲಿ ಇರುತ್ತದೆ. ಆದರೆ ತುಂಬಿಟ್ಟದ್ದು ಎಥನಾಲ್ ಘಟಕದ ಅನಿಲವಾದರೆ ಅದೂ ಬೆಳೆಯಿಂದಲೇ ಬಂದದ್ದು, ಆಗ ಈ ಪರೀಕ್ಷೆ ಪ್ರಯೋಜನಕ್ಕೆ ಬರುವುದಿಲ್ಲ.