ಬಯಲಿಗೆ ಗುಲ್‌ಮೊಹರ್, ಬಾಗಿಲಿಗೆ ಹೊಳೆದಾಸವಾಳ

ಏಪ್ರಿಲ್ ಮುಗಿಯುವ ಹೊತ್ತಿಗೆ ಗುಲ್‌ಮೊಹರ್ ಕೆಂಪಾಗುತ್ತದೆ, ಹೊಳೆದಾಸವಾಳ ನೇರಳೆಯಾಗುತ್ತದೆ. ಹೂವಿನ ಕಾಲ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎರಡನ್ನೂ ಒಂದೇ ಬಗೆಯ ಜಾಗದಲ್ಲಿ ನೆಟ್ಟು, ಒಂದೇ ಪೈಪಿನಿಂದ ನೀರುಣಿಸಿ, ಒಂದೇ ದಿನ ಕೊಂಬೆ ಕಡಿಸುವ ರೂಢಿ ಬಂದಿದೆ. ತೊಂದರೆ ಶುರುವಾಗುವುದೇ ಇಲ್ಲಿ. ಮೊದಲನೆಯದು ಮಡಗಾಸ್ಕರ್ ದ್ವೀಪದ ಒಣಕಾಡಿನ ಮರ. ಎರಡನೆಯದು ಹೆಸರೇ ಹೇಳುವಂತೆ ಹೊಳೆಯಂಚಿನದು. ಪಶ್ಚಿಮಘಟ್ಟದ ಹಳ್ಳಗಳ ಬದಿಯಲ್ಲಿ ತಾನಾಗಿ ಹುಟ್ಟಿ ಬೆಳೆಯುತ್ತದೆ. ಮಹಾರಾಷ್ಟ್ರದವರು ಇದನ್ನೇ ತಾಮಣ ಎಂದು ಕರೆದು ರಾಜ್ಯದ ಹೂವಾಗಿಸಿಕೊಂಡಿದ್ದಾರೆ.

ಮೊದಲು ಜಾಗದ ಮಾತು. ಗುಲ್‌ಮೊಹರ್ ಎತ್ತರಕ್ಕಿಂತ ಅಗಲಕ್ಕೆ ಹೋಗುವ ಮರ. ಮೂವತ್ತು ನಲವತ್ತು ಅಡಿ ಎತ್ತರದ ಮರ ಅಷ್ಟೇ ಅಗಲಕ್ಕೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೊಡೆ ಬಿಚ್ಚುತ್ತದೆ. ಬೇರು ಮಾತ್ರ ಮೇಲ್ಮಣ್ಣಿನಲ್ಲೇ ಹರಿಯುತ್ತದೆ. ಬಲಿತ ಮರದ ಬುಡದಲ್ಲಿ ಬೇರುಗಳು ಗೋಡೆಯಂತೆ ಎದ್ದು ನಿಂತು ಕಲ್ಲುಹಾಸನ್ನು ಎತ್ತುತ್ತವೆ. ಕಾಂಪೌಂಡ್, ಸಂಪು, ಒಳಚರಂಡಿ ಪೈಪು ಇವುಗಳಿಂದ ಕನಿಷ್ಠ 20ರಿಂದ 25 ಅಡಿ ದೂರ ಬಿಡಲು ಆಗದಿದ್ದರೆ ಇದನ್ನು ನೆಡಬಾರದು. ಮೂವತ್ತು-ನಲವತ್ತರ ಸೈಟಿನಲ್ಲಿ ಅಷ್ಟು ಜಾಗ ಸಿಗುವುದೇ ಇಲ್ಲ. ಶಾಲೆಯ ಮೈದಾನ, ಕೆರೆ ಏರಿಯ ಕೆಳಗಿನ ಬಯಲು, ತೋಟದ ಮನೆಯ ಅಂಗಳ, ಇವು ಅದರ ಜಾಗ.

ಹೊಳೆದಾಸವಾಳಕ್ಕೆ ಗೋಡೆಯಿಂದ 12 ಅಡಿ ಬಿಟ್ಟರೆ ಸಾಕು. ಇದರ ಬೇರು ಅಷ್ಟು ತಂಟೆ ಮಾಡುವುದಿಲ್ಲ, ಕೊಂಬೆ ಗಟ್ಟಿ. ಕಡಿದರೆ ಚೆನ್ನಾಗಿ ಚಿಗುರುವುದರಿಂದ ತಂತಿಯ ಕೆಳಗೆ 15 ಅಡಿಗೇ ಹಿಡಿದಿಡಲೂ ಬರುತ್ತದೆ. ಮನೆಮುಂದೆ ಒಂದೇ ಮರಕ್ಕೆ ಜಾಗವಿರುವವರು ಎರಡು ಸಲ ಯೋಚಿಸದೆ ಇದನ್ನು ಆರಿಸಿಕೊಳ್ಳಬಹುದು.

1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಒಂದು ಮರದ ಹೂವು ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದವರು. ಆಗ ರಸ್ತೆಯ ಮಗ್ಗುಲಲ್ಲಿ ಮಣ್ಣಿತ್ತು. ಇಂದು ಅದೇ ಮರಗಳ ಬುಡಕ್ಕೆ ಕಾಂಕ್ರೀಟು ಸುರಿದು, ಒಂದು ಬದಿಯ ಬೇರನ್ನು ಚರಂಡಿಗಾಗಿ ಕಡಿದು, ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದಾಗ ಜಾತಿಯನ್ನೇ ದೂರುವುದು ಅನ್ಯಾಯ.

ಆದರೆ ಗುಲ್‌ಮೊಹರ್ ಬೀಳುವುದಕ್ಕೆ ಇನ್ನೊಂದು ಕಾರಣ ನರ್ಸರಿಯಲ್ಲೇ ಹುಟ್ಟಿರುತ್ತದೆ, ಅದನ್ನು ಗಮನಿಸುವವರು ಕಡಿಮೆ. ಸಸಿ ಬೇಗ ಬೆಳೆಯುತ್ತದೆ. ಚೀಲದಲ್ಲಿ ಒಂದು ವರ್ಷ ಮೀರಿದರೆ ತಾಯಿಬೇರು ತಳ ತೂರಿ ನೆಲಕ್ಕಿಳಿಯುತ್ತದೆ, ಇಲ್ಲವೇ ಒಳಗೇ ಸುರುಳಿ ಸುತ್ತುತ್ತದೆ. ಎಂಟು ಹತ್ತು ಅಡಿ ಎತ್ತರದ ಸಸಿ ಬೇಕೆಂದು ಹಟ ಹಿಡಿದಾಗ, ಚೀಲ ಕೀಳುವಾಗ ಆ ತಾಯಿಬೇರು ತುಂಡಾಗುತ್ತದೆ. ಮೇಲೆ ಮರ ದೊಡ್ಡದಾಗುತ್ತಾ ಹೋದರೂ ಕೆಳಗೆ ಹಿಡಿತ ಇರುವುದಿಲ್ಲ. ನಾಲ್ಕು ಅಡಿ ಒಳಗಿನ, ಕಾಂಡ ನೇರವಾಗಿರುವ ಸಸಿಯೇ ಒಳ್ಳೆಯದು. ಬೇರು ಸುತ್ತಿದ್ದರೆ ಮಣ್ಣಿನ ಹೆಂಟೆಯ ಮೇಲೆ ಮೂರು ಕಡೆ, ಮೇಲಿನಿಂದ ಕೆಳಕ್ಕೆ ಬ್ಲೇಡಿನಲ್ಲಿ ಒಂದು ಸೆಂಟಿಮೀಟರ್ ಆಳ ಸೀಳಿ ನೆಡಬೇಕು.

ಸಸಿ ಯಾವುದೆಂದೂ ನೋಡಿಕೊಳ್ಳಿ. ಜಕರಂಡದ ಎಳೆ ಸಸಿಯೂ ಇದೇ ಥರ ಗರಿಗರಿಯಾಗಿರುತ್ತದೆ. ಎಲೆ ಕಾಂಡದ ಮೇಲೆ ಒಂದಕ್ಕೊಂದು ಎದುರುಬದಿರು ಇದ್ದರೆ ಜಕರಂಡ, ಒಂದು ಆಚೆ ಒಂದು ಈಚೆ ಇದ್ದರೆ ಗುಲ್‌ಮೊಹರ್. ಹೊಳೆದಾಸವಾಳ ಕೇಳಿದರೆ ಅದರ ಕುಳ್ಳ ಬಂಧು, ಪೊದೆಯಾಗಿ ಬೆಳೆಯುವ ಕ್ರೇಪ್ ಮರ್ಟಲ್ ಕೊಡುವುದುಂಟು. ಅದರ ಎಲೆ ಒಂದೆರಡು ಅಂಗುಲ. ಹೊಳೆದಾಸವಾಳದ್ದು ಅಂಗೈಗಿಂತ ಉದ್ದ.

ಎರಡಕ್ಕೂ ಮೂರಡಿ ಅಗಲದ ಗುಂಡಿ ಸಾಕು. ಆಳವನ್ನು ಹೆಂಟೆಯ ಎತ್ತರಕ್ಕಿಂತ ಹೆಚ್ಚು ಮಾಡಿದರೆ ಮಣ್ಣು ಕುಸಿದು ಸಸಿ ತಗ್ಗಿಗೆ ಇಳಿಯುತ್ತದೆ. ಎರಡು ಪಾಲು ಅಗೆದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ ಹಾಕಿ. ಹಸಿ ಸಗಣಿ ಹಾಕಿದರೆ ಗೆದ್ದಲನ್ನು ಕರೆದಂತೆ. ಕಾಂಡ ಬೇರಿಗೆ ಕೂಡುವ ಜಾಗ ನೆಲಮಟ್ಟಕ್ಕಿರಲಿ. ಆಸರೆಗೆ ಎರಡು ಗೂಟ, ಸಡಿಲವಾಗಿ ಹಳೇ ಬಟ್ಟೆಯ ಕಟ್ಟು. ವರ್ಷವಾದ ಮೇಲೆ ಬಿಚ್ಚಿಬಿಡಿ, ಇಲ್ಲದಿದ್ದರೆ ಕಾಂಡ ತಾನಾಗಿ ನಿಲ್ಲುವುದನ್ನು ಕಲಿಯುವುದಿಲ್ಲ.

ನೀರಿನಲ್ಲಿ ಇವೆರಡೂ ಪೂರ್ತಿ ಬೇರೆಬೇರೆ ದಾರಿ. ಗುಲ್‌ಮೊಹರಿಗೆ ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಎರಡೆರಡು ಕೊಡ, ಎರಡನೆಯ ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ, ಮೂರನೆಯ ವರ್ಷದಿಂದ ಬಹುತೇಕ ಕಡೆ ಏನೂ ಬೇಡ. ಫೆಬ್ರುವರಿ, ಮಾರ್ಚಿನಲ್ಲಿ ಎಲೆಯುದುರಿ ಬೋಳಾಗಿ ನಿಂತ ಮರವನ್ನು ಕಂಡು ಕನಿಕರದಿಂದ ನೀರು ಸುರಿಯಬೇಡಿ. ಆ ಒಣಗಾಲವೇ ಅದಕ್ಕೆ ಹೂವಿನ ಸೂಚನೆ. ಹುಲ್ಲುಹಾಸಿನ ನಡುವೆ ನೆಟ್ಟ ಗುಲ್‌ಮೊಹರ್ ದಿನಾ ಸ್ಪ್ರಿಂಕ್ಲರ್ ನೀರು ಕುಡಿದು ದಟ್ಟ ಹಸಿರಾಗಿದ್ದೂ ಹೂ ಬಿಡದಿರುವುದು ಇದಕ್ಕೇ. ಮೇಲೆಮೇಲೆ ಸಿಗುವ ನೀರಿಗೆ ಬೇರೂ ಇನ್ನಷ್ಟು ಮೇಲೇ ಉಳಿಯುತ್ತದೆ.

ಹೊಳೆದಾಸವಾಳಕ್ಕೆ ಮೊದಲ ಮೂರು ಬೇಸಿಗೆ ನಾಲ್ಕು ದಿನಕ್ಕೊಮ್ಮೆ ಎರಡು ಕೊಡ ನೀರು, ಬುಡದ ಸುತ್ತ ಮೂರು ಅಂಗುಲ ಒಣ ತರಗಿನ ಹೊದಿಕೆ ಬೇಕು. ತರಗು ಕಾಂಡಕ್ಕೆ ತಾಗದಿರಲಿ. ನೀರು ನಿಲ್ಲುವ ತಗ್ಗನ್ನೂ ಇದು ಸಹಿಸುತ್ತದೆ. ಮೊಗ್ಗಿನ ಕಾಲದಲ್ಲಿ ನೆಲ ಪೂರ್ತಿ ಒಣಗಿದರೆ ಹೂಗೊಂಚಲು ಗಿಡ್ಡವಾಗುತ್ತದೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಯೂರಿಯಾ ಹಾಕಿದರೆ ಹೋಗುವುದಿಲ್ಲ. ಮಲೆನಾಡು, ಕರಾವಳಿಯ ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ. ಗುಲ್‌ಮೊಹರಿಗೆ ಬಳ್ಳಾರಿ, ಕಲಬುರಗಿಯ ಬಿಸಿಲೇ ಹಿತ.

ಗೊಬ್ಬರ ಜಾಸ್ತಿ ಬರೆಯುವಂಥದ್ದೇನಿಲ್ಲ. ಹೊಳೆದಾಸವಾಳಕ್ಕೆ ಜೂನ್ ಮೊದಲ ಮಳೆಗೆ ಹತ್ತು ಕಿಲೋ ಕಾಂಪೋಸ್ಟ್. ಗುಲ್‌ಮೊಹರಿಗೆ ಎರಡು ವರ್ಷದ ಮೇಲೆ ಬೇಡ.

ಕತ್ತರಿ ಹಿಡಿಯುವ ಮುನ್ನ ಹೂವು ಎಲ್ಲಿ ಬರುತ್ತದೆಂದು ತಿಳಿದಿರಬೇಕು. ಹೊಳೆದಾಸವಾಳ ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ ಹೂಬಿಡುತ್ತದೆ. ಎಲೆ ಕೆಂಪಾಗಿ ಉದುರುವ ಜನವರಿ, ಫೆಬ್ರುವರಿಯಲ್ಲಿ ಪೆನ್ಸಿಲ್ ದಪ್ಪದ ತುದಿಗಳನ್ನೂ ಮರದಂತೆ ಗಟ್ಟಿಯಾದ ಕಾಯಿಗೊಂಚಲುಗಳನ್ನೂ ತೆಗೆದರೆ ಚಿಗುರು ಬಲವಾಗಿ ಬರುತ್ತದೆ. ಏಪ್ರಿಲ್‌ನಲ್ಲಿ ಕಡಿದರೆ ಆ ಸಲದ ಹೂವನ್ನೇ ಕಡಿದಂತೆ.

ಗುಲ್‌ಮೊಹರಿನ ಕತ್ತರಿ ಕೆಲಸ ಮೊದಲ ಐದು ವರ್ಷದ್ದು. ಎಂಟು ಹತ್ತು ಅಡಿಯವರೆಗೆ ಒಂದೇ ಕಾಂಡ ಬೆಳೆಸಿ, ಅಡ್ಡಕೊಂಬೆಗಳನ್ನು ಬೆರಳು ದಪ್ಪವಿರುವಾಗಲೇ ತೆಗೆಯಬೇಕು. ಸಮ ದಪ್ಪದ ಎರಡು ಕೊಂಬೆ ಇಕ್ಕಟ್ಟಾಗಿ ಕವಲೊಡೆದಿದ್ದರೆ ಒಂದನ್ನು ಉಳಿಸಿ. ಮುಂದೆ ಸೀಳುವುದು ಅಲ್ಲೇ. ಬಲಿತ ಮರದ ತಲೆ ಹಾರಿಸಿದರೆ ಕಡಿದ ಜಾಗದ ಸುತ್ತ ಕುಚ್ಚುಕುಚ್ಚಾಗಿ ಚಿಗುರುತ್ತದೆ, ಆದರೆ ಆ ಕೊಂಬೆಗಳು ತೊಗಟೆಗಷ್ಟೇ ಅಂಟಿಕೊಂಡಂತಿದ್ದು ಮೂರ್ನಾಲ್ಕು ವರ್ಷಕ್ಕೆ ಗಾಳಿಗೆ ಕಿತ್ತು ಬೀಳುತ್ತವೆ. ದಪ್ಪ ಕೊಂಬೆ ತೆಗೆಯಲೇಬೇಕಿದ್ದರೆ ಮೂರು ಕೊಯ್ತ: ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಮೂರನೇ ಒಂದು ಪಾಲು, ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಕೊಂಬೆ ಕಾಂಡಕ್ಕೆ ಕೂಡುವಲ್ಲಿನ ಉಬ್ಬಿನ ಹೊರಗೆ. ಆ ಉಬ್ಬನ್ನು ಕತ್ತರಿಸಿದರೆ ಗಾಯ ಮುಚ್ಚುವುದಿಲ್ಲ. ಮಳೆಗಾಲದಲ್ಲಿ ಕಡಿಯಬೇಡಿ, ಡಾಂಬರು ಬಳಿಯಬೇಡಿ.

ರೋಗದಲ್ಲಿ ಹೊಳೆದಾಸವಾಳದ್ದು ಸಣ್ಣದು. ಎಳೆ ಎಲೆ, ಮೊಗ್ಗಿನ ಮೇಲೆ ಹಿಟ್ಟು ಚೆಲ್ಲಿದಂತೆ ಬೂದಿರೋಗ ಕಂಡರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ ಬೆಳಗಿನ ತಂಪಿನಲ್ಲಿ ಸಿಂಪಡಿಸಿ. ಸುಡುಬಿಸಿಲಲ್ಲಿ ಹೊಡೆದರೆ ಎಲೆಯೇ ಸುಡುತ್ತದೆ. ಗುಲ್‌ಮೊಹರಿನದು ಗಂಭೀರ. ಬುಡದಲ್ಲಿ ಕಂದುಕೆಂಪು ಬಣ್ಣದ, ಮೆರುಗೆಣ್ಣೆ ಬಳಿದಂತೆ ಹೊಳೆಯುವ ಅಣಬೆ ಬಿಲ್ಲೆ ಎದ್ದರೆ ಅದು ಬೇರು ಕೊಳೆಸುವ ಶಿಲೀಂಧ್ರ ಗ್ಯಾನೊಡರ್ಮ. ಹೊರಗೆ ಎಲೆ ಹಸಿರಾಗಿದ್ದರೂ ಒಳಗೆ ಬೇರು ಕೊಳೆತಿರಬಹುದು, ಬಿಲ್ಲೆ ಕಿತ್ತು ಹಾಕಿದರೆ ರೋಗ ಹೋಗುವುದಿಲ್ಲ. ಅಂಥ ಮರದಡಿ ವಾಹನ ನಿಲ್ಲಿಸುವುದನ್ನು, ಮಕ್ಕಳು ಆಡುವುದನ್ನು ಅಂದೇ ತಪ್ಪಿಸಿ ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡಬೇಕು; 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಡಿ ಸ್ವಂತ ಜಾಗದ ಮರ ಕಡಿಯುವುದಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಬುಡದ ಮಣ್ಣು ಕೆದಕಿ ಬಿಲ್ಲೆ, ಕೊಳೆತ ಬೇರು ಇದೆಯೇ ಎಂದು ನೋಡುವ ಪರೀಕ್ಷೆಯನ್ನು ಪ್ರತಿ ಮಾರ್ಚಿನಲ್ಲಿ, ಮುಂಗಾರುಪೂರ್ವದ ಗಾಳಿ ಏಳುವ ಮೊದಲು ಮಾಡಿ.